ಪಾಪೆಯ ಆಚೆಗಿನ ಚೆಲುವು

ಆರೋಗ್ಯವಾದ ಕಣ್ಣಿನ ಒಳಭಿತ್ತಿಯ ಬಣ್ಣದ ಚಿತ್ರವನ್ನು ಒಮ್ಮೆಯಾದರೂ ಅವಸರವಿಲ್ಲದೆ ನೋಡಬೇಕು. ಕಿತ್ತಳೆಗೆಂಪಿನ ದುಂಡನೆಯ ಹರವು. ಒಂದು ಪಕ್ಕದಲ್ಲಿ ನಸುಹಳದಿಯ ಬಿಲ್ಲೆ. ಅದು ದೃಷ್ಟಿನರದ ತಲೆ, ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್. ಅಲ್ಲಿಂದ ಹೊರಟ ರಕ್ತನಾಳಗಳು ಮೇಲಕ್ಕೂ ಕೆಳಕ್ಕೂ ಬಾಗಿ ಹರಡುತ್ತವೆ. ಧಮನಿ ತೆಳ್ಳಗೆ, ಬಣ್ಣ ತಿಳಿ. ಅಭಿಧಮನಿ ಕೊಂಚ ದಪ್ಪ, ಬಣ್ಣ ಗಾಢ. ಎರಡೂ ಜೊತೆಯಲ್ಲೇ ಸಾಗುತ್ತ, ಅಲ್ಲಲ್ಲಿ ಒಂದನ್ನೊಂದು ದಾಟುತ್ತ, ಕವಲೊಡೆಯುತ್ತ, ಮತ್ತೆ ಕವಲೊಡೆಯುತ್ತ ಕೊನೆಗೆ ಕಾಣದಷ್ಟು ಸಣ್ಣವಾಗುತ್ತವೆ. ಆದರೆ ಈ ಇಡೀ ಬಳ್ಳಿ ಒಂದು ಜಾಗವನ್ನು ಮಾತ್ರ ಬಳಸಿಕೊಂಡು ಹೋಗುತ್ತದೆ, ಅದರ ನಡುವಿಗೆ ಕಾಲಿಡುವುದಿಲ್ಲ. ಸುತ್ತಲಿಗಿಂತ ತುಸು ಕಪ್ಪಾದ ಆ ಜಾಗವೇ ಮ್ಯಾಕ್ಯುಲಾ. ಅದರ ನಟ್ಟನಡುವೆ ಒಂದು ಪುಟ್ಟ ಗುಳಿ, ಫೋವಿಯಾ. ನೀವು ಈ ಸಾಲನ್ನು ಓದುತ್ತಿರುವುದು ಆ ಗುಳಿಯಿಂದಲೇ.

ನಮ್ಮ ಮೈಯಲ್ಲಿ ರಕ್ತನಾಳಗಳನ್ನೂ ನರವನ್ನೂ ಎಲ್ಲೂ ಕೊಯ್ಯದೆ ನೇರವಾಗಿ ನೋಡಬಹುದಾದ ಜಾಗ ಇದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೆಲವೊಮ್ಮೆ ತಲೆಬುರುಡೆಯೊಳಗೆ ಏರಿದ ಒತ್ತಡ ಕೂಡ ಇಲ್ಲಿ ಗುರುತು ಬಿಡುತ್ತವೆ. ಆದ್ದರಿಂದ ಈ ಚಿತ್ರಗಳನ್ನು ರೋಗ ಹಿಡಿಯುವ ಸಾಧನ ಎಂದಷ್ಟೇ ಬಗೆಯುವುದು ವಾಡಿಕೆ. ನನಗೆ ಅವು ಅದಕ್ಕೂ ಮೊದಲು ನೋಡಿ ಸವಿಯಬೇಕಾದವು. ಈ ಎರಡು ಕೆಲಸ ಬೇರೆಬೇರೆ ಎಂದೂ ನನಗೆ ಅನ್ನಿಸುವುದಿಲ್ಲ. ನೆಟ್ಟಗಿರುವ ಕಣ್ಣಿನ ಚೆಲುವನ್ನು ಮನದಣಿಯೆ ನೋಡಿ ಪಳಗಿದವರಿಗೇ ಅದರಲ್ಲಿ ಹುಟ್ಟಿದ ಊನ ಥಟ್ಟನೆ ಕಾಣುವುದು. ಒಂದೂಮುಕ್ಕಾಲು ಶತಮಾನದ ಈ ಉಪಕರಣಗಳ ಕಥೆಯನ್ನು ನೋಟದ ರುಚಿ ಬೆಳೆದುಬಂದ ಕಥೆಯಾಗಿಯೂ ಓದಬಹುದು.

ಪಾಪೆ ಯಾಕೆ ಕಪ್ಪು? ಒಳಹೋದ ಬೆಳಕು ಬಹುಪಾಲು ಬಂದ ದಾರಿಯಲ್ಲೇ ತಿರುಗಿ ಹೊರಡುತ್ತದೆ. ಆ ದಾರಿಯಲ್ಲಿ ನಿಂತು ನೋಡಬೇಕೆಂದು ನಾವು ಬಾಗಿದರೆ, ಒಳಗೆ ಹೋಗಬೇಕಾದ ಬೆಳಕಿಗೆ ನಮ್ಮ ತಲೆಯೇ ಅಡ್ಡ. ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಈ ತೊಡಕನ್ನು 1850ರಲ್ಲಿ ಬಿಡಿಸಿದ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ, ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ. ಸೂಕ್ಷ್ಮದರ್ಶಕದ ಗಾಜಿನ ಬಿಲ್ಲೆ, ಕನ್ನಡಕದ ಮಸೂರ, ರಟ್ಟು, ಗೋಂದು: ಅವನ ಮೊದಲ ಉಪಕರಣಕ್ಕೆ ಬೇಕಾದದ್ದು ಇಷ್ಟೇ. ಓರೆಯಾಗಿ ಹಿಡಿದ ಗಾಜು ದೀಪದ ಬೆಳಕನ್ನು ಎದುರಿನವರ ಕಣ್ಣಿಗೆ ತಿರುಗಿಸುತ್ತದೆ; ಅದೇ ಗಾಜಿನ ಮೂಲಕ ನೋಡುವವನು ಹಿಂದಿರುಗುವ ಬೆಳಕನ್ನು ಹಿಡಿಯುತ್ತಾನೆ. ಅಲ್ಲಿಯವರೆಗೆ ಸತ್ತವರ ಕಣ್ಣು ಸೀಳಿ ಮಾತ್ರ ಕಂಡಿದ್ದ ಭಿತ್ತಿ ಬದುಕಿರುವವರ ಕಣ್ಣಿನಲ್ಲಿ, ರಕ್ತ ತುಂಬಿಕೊಂಡು, ಬಣ್ಣ ತುಂಬಿಕೊಂಡು ಕಂಡಿತು. ಇಷ್ಟು ಅಗ್ಗದ ಸಾಮಗ್ರಿಯಿಂದ ಇಷ್ಟು ದೊಡ್ಡ ನೋಟ ತೆರೆದದ್ದು ವೈದ್ಯಕೀಯದಲ್ಲಿ ತೀರ ಅಪರೂಪ.

ಕಂಡದ್ದನ್ನು ಉಳಿಸಿಕೊಳ್ಳುವುದು ಮುಂದಿನ ಆಸೆ. 1886ರಲ್ಲಿ ಇಂಗ್ಲೆಂಡಿನ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಬದುಕಿರುವ ಮನುಷ್ಯನ ರೆಟಿನಾದ, ಅಂದರೆ ಈ ಒಳಭಿತ್ತಿಯ, ಛಾಯಾಚಿತ್ರ ತೆಗೆದರು. ಕ್ಯಾಮೆರಾವನ್ನು ಆತನ ತಲೆಗೇ ಕಟ್ಟಿ, ಎರಡೂವರೆ ನಿಮಿಷ ಬೆಳಕು ಬಿಡಬೇಕಾಯಿತು. ಅಷ್ಟು ಹೊತ್ತು ಕಣ್ಣು ಅಲುಗದಿರುವುದುಂಟೇ? ಮಸುಕಾದ ಒಂದು ಬಿಲ್ಲೆ, ಎರಡು ಮೂರು ದಪ್ಪ ನಾಳ, ಅಷ್ಟೇ ಮೂಡಿದ್ದು. ಒಳ್ಳೆಯ ಕ್ಯಾಮೆರಾಗಳು, ಕ್ಷಣದಲ್ಲಿ ಮಿಂಚುವ ಫ್ಲ್ಯಾಶ್ ದೀಪಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಿಂತ ಚಿತ್ರದಲ್ಲಿ ರಕ್ತದ ಹರಿವು ಕಾಣುವುದಿಲ್ಲ. ಅದನ್ನು ಕಾಣಿಸಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್. ಫ್ಲೋರೆಸೀನ್ ಎಂಬ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿ, ಅದು ಕಣ್ಣಿಗೆ ಬಂದು ಹರಿದುಹೋಗುವುದನ್ನು ಸಾಲಾಗಿ ಚಿತ್ರ ತೆಗೆಯಬಹುದೆಂದು ಅವರು ಯೋಚಿಸಿದರು. ಮೊದಲು ಯಾರ ತೋಳಿಗೆ ಎಂದು ನಾಣ್ಯ ಚಿಮ್ಮಿದರು. ಸರದಿ ಆಲ್ವಿಸ್‌ಗೆ ಬಂತು. ನೇತ್ರವೈದ್ಯರ ಪತ್ರಿಕೆ ಅವರ ಲೇಖನವನ್ನು ಹಿಂದಿರುಗಿಸಿತು. 1961ರಲ್ಲಿ ಅದು ಅಚ್ಚಾದದ್ದು ಹೃದಯ ಮತ್ತು ರಕ್ತಪರಿಚಲನೆಗೆ ಮೀಸಲಾದ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ.

ಈ ಫ್ಲೋರೆಸೀನ್‌ಗೆ ತನ್ನದೇ ಒಂದು ಸೊಗಸಾದ ಹಿನ್ನೆಲೆಯಿದೆ. ಅದನ್ನು 1871ರಲ್ಲಿ ತಯಾರಿಸಿದವನು ಅಡಾಲ್ಫ್ ಫಾನ್ ಬೇಯರ್. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದೆಡೆ ಸುಣ್ಣಕಲ್ಲಿನ ನೆಲದೊಳಗೆ ಇಂಗಿ ಮರೆಯಾಗುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯಲು 1877ರಲ್ಲಿ ಇಂಗುವ ಜಾಗದಲ್ಲಿ ಈ ಬಣ್ಣ ಸುರಿದರು. ಸುಮಾರು ಅರವತ್ತು ಗಂಟೆಯ ಮೇಲೆ, ಹನ್ನೆರಡು ಕಿಲೋಮೀಟರ್ ಆಚೆ, ಆಖ್ ಎಂಬ ಚಿಲುಮೆಯಲ್ಲಿ ಹಸಿರು ಹೊಳೆಯುವ ನೀರು ಉಕ್ಕಿತು. ನೆಲದಡಿಯ ಹೊಳೆಯ ಜಾಡು ತೋರಿಸಿದ ಅದೇ ಬಣ್ಣ ಎಂಬತ್ತು ಚಿಲ್ಲರೆ ವರ್ಷಗಳ ಮೇಲೆ ಕಣ್ಣಿನೊಳಗಿನ ಹೊಳೆಗಳ ಜಾಡು ತೋರಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಸಾಲು ಚಿತ್ರಗಳನ್ನು ಒಂದೊಂದಾಗಿ ನೋಡಬೇಕು. ನೀಲಿ ಬೆಳಕು ಬಿಟ್ಟರೆ ಫ್ಲೋರೆಸೀನ್ ಹಸಿರು ಬೆಳಕು ಕೊಡುತ್ತದೆ. ಹಸಿರನ್ನಷ್ಟೇ ಹಿಡಿಯುವ ಸೋಸುಗಾಜು ಕ್ಯಾಮೆರಾದ ಮುಂದಿರುತ್ತದೆ. ಮೊದಲು ಪೂರ್ತಿ ಕತ್ತಲು. ಚುಚ್ಚಿ ಹತ್ತು ಹದಿನೈದು ಸೆಕೆಂಡಾದ ಮೇಲೆ ಹಿಂದಿನ ಕೋರಾಯ್ಡ್ ಪದರ ಅಲ್ಲಲ್ಲಿ ತೇಪೆತೇಪೆಯಾಗಿ ಬೆಳಗುತ್ತದೆ. ಆಮೇಲೆ ಧಮನಿಗಳು ಒಮ್ಮೆಗೇ ಬೆಳ್ಳಗಾಗುತ್ತವೆ. ಅಭಿಧಮನಿಗಳು ಇನ್ನೂ ಕಪ್ಪು. ಮರುಗಳಿಗೆ ಅವುಗಳ ಎರಡು ಅಂಚು ಮಾತ್ರ ಹೊಳೆಯುತ್ತವೆ, ನಡುವೆ ಕಪ್ಪು ಪಟ್ಟಿ ಉಳಿದಿರುತ್ತದೆ; ಪಕ್ಕದ ಸಣ್ಣ ಕವಲುಗಳಿಂದ ಬಂದ ಬಣ್ಣದ ರಕ್ತ ನಡುವಿನ ರಕ್ತದೊಡನೆ ಇನ್ನೂ ಬೆರೆತಿರುವುದಿಲ್ಲ. ನನಗೆ ಈ ಸರಣಿಯಲ್ಲಿ ಅತ್ಯಂತ ಪ್ರಿಯವಾದ ಗಳಿಗೆ ಇದು. ಎಲ್ಲ ತುಂಬಿ ಬೆಳಗಿದಾಗಲೂ ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಜಾಗ ಕಪ್ಪಾಗಿಯೇ ಉಳಿಯುತ್ತದೆ. ಫೋವಿಯಾದ ಮುಂದೆ ರಕ್ತನಾಳದ ನೆರಳೂ ಬೀಳಬಾರದೆಂದು ಪ್ರಕೃತಿ ಬಿಟ್ಟ ಬಯಲು ಅದು.

ಕಾಯಿಲೆಯೂ ಇಲ್ಲಿ ತನ್ನ ರೂಪದಲ್ಲೇ ಮಾತಾಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಲೋಮನಾಳಗಳ ಗೋಡೆ ಉಬ್ಬಿದ ಕಡೆಯೆಲ್ಲ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು. ರಕ್ತ ನಿಂತುಹೋದ ಕಡೆ ಕಪ್ಪು ಹೊಲ. ಆ ಹೊಲದ ಅಂಚಿನಲ್ಲಿ ಹೊಸದಾಗಿ ಹುಟ್ಟಿದ, ಗಟ್ಟಿಯಿಲ್ಲದ ನಾಳಗಳಿಂದ ಬಣ್ಣ ಸೋರಿ ಬಿಳಿಯ ಮೋಡ ಕವಿಯುತ್ತದೆ. ಈ ಪರೀಕ್ಷೆ ಸಂಪೂರ್ಣ ನಿರುಪದ್ರವಿಯಲ್ಲ. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ, ಕೆಲವರಿಗೆ ವಾಕರಿಕೆ, ಅಪರೂಪಕ್ಕೆ ತೀವ್ರ ಅಲರ್ಜಿ. ಹಾಗಿದ್ದೂ ಸೋರಿಕೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ವಿಧಾನ ಇಂದಿಗೂ ಬಂದಿಲ್ಲ.

ಇನ್ನು ಒಸಿಟಿಗೆ ಬರುತ್ತೇನೆ. ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂಬ ಉದ್ದ ಹೆಸರನ್ನು ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ. ‘ಒಸಿಟಿ ಮಾಡಿಸಿಕೊಂಡು ಬನ್ನಿ’ ಎನ್ನುತ್ತಾರೆ. ಈ ಬರಹದಲ್ಲಿ ಹೇಳುತ್ತಿರುವ ಎಲ್ಲ ನೋಟಗಳಲ್ಲೂ ಇದೇ ಹಿರಿದು ಎಂಬುದು ನನ್ನ ತೀರ್ಮಾನ. ಮಿಕ್ಕವೆಲ್ಲ ರೆಟಿನಾವನ್ನು ಎದುರಿನಿಂದ ತೋರಿಸಿದರೆ ಇದು ಅಡ್ಡ ಸೀಳಿ ಪಕ್ಕದಿಂದ ತೋರಿಸುತ್ತದೆ. ಸೀಳುವುದು ಬೆಳಕು, ಅಷ್ಟೇ.

ಇದರ ಹಿಂದಿನ ಉಪಾಯವನ್ನು ತಿಳಿದರೆ ಚಿತ್ರದ ಸವಿ ಇಮ್ಮಡಿಸುತ್ತದೆ. ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಬರುವ ಹೊತ್ತನ್ನು ಅಳೆದು ಆಳ ಹೇಳುವುದು ಅಲ್ಟ್ರಾಸೌಂಡ್. ಅದೇ ಕೆಲಸವನ್ನು ಬೆಳಕಿನಿಂದ ಮಾಡಿದರೆ ಹೆಚ್ಚು ನವಿರು, ಆದರೆ ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ದಾಟಲು ಅದಕ್ಕೆ ಬೇಕಾದದ್ದು, ಒಂದು ಸೆಕೆಂಡನ್ನು ಕೋಟಿ ಕೋಟಿ ಭಾಗ ಮಾಡಿದರೆ ಅದರಲ್ಲಿ ಮೂರು ಭಾಗದಷ್ಟು ಹೊತ್ತು. ಅದನ್ನು ನೇರವಾಗಿ ಎಣಿಸುವ ಎಲೆಕ್ಟ್ರಾನಿಕ್ ಗಡಿಯಾರವಿಲ್ಲ. ಆದ್ದರಿಂದ ಗಡಿಯಾರವನ್ನೇ ಬಿಟ್ಟುಬಿಟ್ಟರು. ಬೆಳಕನ್ನು ಎರಡಾಗಿ ಒಡೆದು ಒಂದನ್ನು ಕಣ್ಣಿಗೆ, ಇನ್ನೊಂದನ್ನು ಕನ್ನಡಿಗೆ ಕಳಿಸುತ್ತಾರೆ. ಹಿಂದಿರುಗಿದ ಎರಡನ್ನೂ ಕೂಡಿಸುತ್ತಾರೆ. ಎರಡೂ ನಡೆದ ದೂರ ಸರಿಸಮವಾಗಿದ್ದರೆ ಮಾತ್ರ ಅಲೆಗಳು ಒಂದನ್ನೊಂದು ಗುರುತಿಸಿ ವ್ಯತಿಕರಣ ಮೂಡಿಸುತ್ತವೆ. ಕೂದಲೆಳೆ ಹೆಚ್ಚುಕಡಿಮೆಯಾದರೂ ಮೂಡುವುದಿಲ್ಲ. ಕನ್ನಡಿಯನ್ನು ಸರಿಸುತ್ತ ಹೋದರೆ ಕಣ್ಣಿನ ಯಾವ ಆಳದಿಂದ ಎಷ್ಟು ಬೆಳಕು ಬಂತೆಂದು ತಿಳಿಯುತ್ತದೆ. ಅಳೆಯಲಾಗದ ಹೊತ್ತನ್ನು ಅಳೆಯಬಹುದಾದ ದೂರವಾಗಿ ಮಾರ್ಪಡಿಸಿದ ಈ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಎಂಐಟಿಯ ಜೇಮ್ಸ್ ಫುಜಿಮೊಟೊ ಅವರ ಪ್ರಯೋಗಾಲಯದಲ್ಲಿ ಡೇವಿಡ್ ಹುವಾಂಗ್ ಆಗ ವೈದ್ಯಕೀಯವನ್ನೂ ಸಂಶೋಧನೆಯನ್ನೂ ಒಟ್ಟಿಗೆ ಓದುತ್ತಿದ್ದ ವಿದ್ಯಾರ್ಥಿ. ಎರಿಕ್ ಸ್ವಾನ್ಸನ್ ಉಪಗ್ರಹಗಳ ನಡುವೆ ಬೆಳಕಿನಿಂದ ಸಂದೇಶ ಕಳಿಸುವ ತಂತ್ರದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಇವರೂ ಸಂಗಡಿಗರೂ 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೊದಲ ಒಸಿಟಿ ಚಿತ್ರಗಳನ್ನು ಪ್ರಕಟಿಸಿದರು. ಬದುಕಿರುವವರ ರೆಟಿನಾದ ಚಿತ್ರ 1993ರಲ್ಲಿ ಬಂತು, ಮಾರಾಟದ ಯಂತ್ರ 1996ರಲ್ಲಿ. 2002ರ ಯಂತ್ರ ಸೆಕೆಂಡಿಗೆ 400 ಸಾಲು ಓದುತ್ತಿತ್ತು. ಕನ್ನಡಿ ಸರಿಸುವ ಕೆಲಸವನ್ನೇ ತಪ್ಪಿಸಿ, ಬೆಳಕಿನ ಬಣ್ಣಗಳನ್ನು ಬಿಡಿಸಿ ಎಲ್ಲ ಆಳವನ್ನೂ ಒಮ್ಮೆಗೇ ಓದುವ ವಿಧಾನ ಬಂದ ಮೇಲೆ ಅದು ಹತ್ತಾರು ಸಾವಿರಕ್ಕೆ ಏರಿತು, ಈಗ ಲಕ್ಷವನ್ನೂ ದಾಟಿದೆ. ಫುಜಿಮೊಟೊ, ಹುವಾಂಗ್, ಸ್ವಾನ್ಸನ್ ಮೂವರಿಗೂ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಚಿತ್ರಕ್ಕೆ ಬರೋಣ. ಹೊಸದಾಗಿ ತೋಡಿದ ಬಾವಿಯ ಗೋಡೆಯಲ್ಲಿ ಮೇಲ್ಮಣ್ಣು, ಜೇಡಿ, ಮೊರಂಬು ಒಂದರ ಕೆಳಗೊಂದು ಕಾಣುವಂತೆ ಇಲ್ಲಿ ರೆಟಿನಾದ ಪದರಗಳು ಕಾಣುತ್ತವೆ. ಇಡೀ ದಪ್ಪ ಕಾಲು ಮಿಲಿಮೀಟರ್, ಅದರೊಳಗೆ ಇಷ್ಟೆಲ್ಲ. ಮೇಲೆ ಕಪ್ಪು, ಅದು ಕಣ್ಣು ತುಂಬಿದ ಲೋಳೆ, ಬೆಳಕು ಅಲ್ಲಿ ತಡೆಯಿಲ್ಲದೆ ಹಾದುಹೋಗುತ್ತದೆ. ಆಮೇಲೆ ನರದೆಳೆಗಳ ಬೆಳ್ಳನೆಯ ಪದರ, ಮೂಗಿನ ಕಡೆಗೆ ದಪ್ಪವಾಗುತ್ತ ಹೋಗುತ್ತದೆ. ಅದರ ಕೆಳಗೆ ಒಂದು ಕಪ್ಪು, ಒಂದು ಬೂದು, ಮತ್ತೆ ಕಪ್ಪು, ಮತ್ತೆ ಬೂದು: ಜೀವಕೋಶಗಳ ಬೀಜಗಳಿರುವ ಕಡೆ ಕಪ್ಪು, ಕೋಶಗಳು ಕೈಚಾಚಿ ಒಂದನ್ನೊಂದು ಮುಟ್ಟುವ ಕಡೆ ಬೂದು. ತಳದಲ್ಲಿ ಹೊಳೆಯುವ ಸಮಾನಾಂತರ ಗೆರೆಗಳು. ಬೆಳಕನ್ನು ಹಿಡಿಯುವ ಕೋಶಗಳಿರುವುದು ಅಲ್ಲಿ, ಎಲ್ಲಕ್ಕಿಂತ ಹಿಂದೆ. ಬೆಳಕು ಮಿಕ್ಕ ಎಲ್ಲ ಪದರಗಳನ್ನು ಹಾದು ಅವನ್ನು ಮುಟ್ಟಬೇಕು. ಆದರೆ ನಡುವೆ, ಫೋವಿಯಾದಲ್ಲಿ, ಮೇಲಿನ ಪದರಗಳು ಎಡಕ್ಕೂ ಬಲಕ್ಕೂ ಸರಿದು ದಾರಿ ಬಿಟ್ಟಿರುತ್ತವೆ. ಆ ಇಳುಕಲಿನ ವಕ್ರರೇಖೆ ನುಣುಪು, ಮೆದು, ಎಲ್ಲೂ ಮೂಲೆಯಿಲ್ಲ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಹಳೆಯ ಯಂತ್ರಗಳು ಈ ಚಿತ್ರಕ್ಕೆ ಕೆಂಪು, ಹಳದಿ, ನೀಲಿ ಬಳಿದು ತೋರಿಸುತ್ತಿದ್ದವು. ಕಣ್ಣಿಗೆ ಹಬ್ಬವೆನಿಸಿದರೂ ಇಲ್ಲದ ಗಡಿಗಳನ್ನು ಆ ಬಣ್ಣಗಳು ಕಾಣಿಸುತ್ತವೆ. ಕಪ್ಪುಬಿಳುಪಿನಲ್ಲೇ ಇದರ ನಿಜವಾದ ನವಿರು ಇರುವುದು.

ಮ್ಯಾಕ್ಯುಲಾದಲ್ಲಿ ತೂತು ಬೀಳುವ ಕಾಯಿಲೆಯನ್ನೇ ನೋಡಿ. ಹಿಂದೆ ವೈದ್ಯರು ಬೆಳಕಿನ ಒಂದು ತೆಳುಗೆರೆಯನ್ನು ಅಲ್ಲಿ ಬೀಳಿಸಿ, ‘ಗೆರೆ ನಡುವೆ ತುಂಡಾಗಿ ಕಾಣುತ್ತದೆಯೇ?’ ಎಂದು ಕೇಳಿ ತಿಳಿಯಬೇಕಿತ್ತು. ಒಸಿಟಿಯಲ್ಲಿ ಲೋಳೆಯ ಹಿಂದಿನ ಪೊರೆ ಗುಳಿಯ ಅಂಚಿಗೆ ಅಂಟಿಕೊಂಡು ಎಳೆಯುವುದು, ನಡುವಿನ ಅಂಗಾಂಶ ಎದ್ದು ನಿಲ್ಲುವುದು, ಕೊನೆಗೆ ಬಾಯಿ ಬಿಡುವುದು ಎಲ್ಲ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆ ಬಾಯಿ ಮುಚ್ಚಿ ಹಳೆಯ ಇಳುಕಲು ಮರಳಿ ರೂಪುಗೊಂಡ ಚಿತ್ರವನ್ನು ಮೊದಲಿನದರ ಪಕ್ಕದಲ್ಲಿಟ್ಟು ನೋಡಿದರೆ, ಗುಣವಾಗುವುದು ಎಂದರೆ ಏನೆಂದು ಕಣ್ಣಾರೆ ಕಂಡಂತಾಗುತ್ತದೆ. ಗ್ಲಾಕೋಮಾದಲ್ಲಿ ಇನ್ನೊಂದು ಬಗೆ. ದೃಷ್ಟಿನರದ ಹತ್ತು ಲಕ್ಷಕ್ಕೂ ಮೀರಿದ ಎಳೆಗಳು ಒಂದೊಂದಾಗಿ ಸಾಯುತ್ತಿದ್ದರೂ ರೋಗಿಗೆ ಸುಳಿವು ಸಿಗುವುದಿಲ್ಲ. ನರದೆಳೆಯ ಪದರ ತೆಳುವಾಗುತ್ತಿರುವುದನ್ನು ಒಸಿಟಿ ಮೈಕ್ರಾನುಗಳಲ್ಲಿ ಅಳೆದು ಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಅಳತೆಯನ್ನು ಯಂತ್ರ ತನ್ನಲ್ಲಿರುವ ಆರೋಗ್ಯವಂತರ ಲೆಕ್ಕದೊಡನೆ ಹೋಲಿಸಿ ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚುತ್ತದೆ. ದೂರದೃಷ್ಟಿ ತೀರ ಕಡಿಮೆಯಿದ್ದು ದೊಡ್ಡ ಮೈನಸ್ ಕನ್ನಡಕ ಹಾಕುವವರ ಕಣ್ಣು ಉದ್ದವಾಗಿರುತ್ತದೆ. ಅವರಿಗೆ ಕಾಯಿಲೆಯಿಲ್ಲದೆಯೂ ಕೆಂಪು ಬೀಳುವುದುಂಟು. ಬಣ್ಣದ ಚೌಕ ನೋಡಿ ಹೆದರುವವರೂ, ಬಣ್ಣದ ಚೌಕ ನೋಡಿ ನಿರಾಳವಾಗುವವರೂ ಮೂಲಚಿತ್ರವನ್ನು ಬಿಟ್ಟು ಷರಾವನ್ನು ಓದಿದಂತೆ. ವೈದ್ಯರು ಮೂಲವನ್ನು ತೆರೆದು ನೋಡಿದರೋ ಇಲ್ಲವೋ ಎಂಬುದೇ ಮುಖ್ಯ.

ಒಸಿಟಿಯ ವೇಗ ಹೆಚ್ಚಿದ್ದರಿಂದ ಇನ್ನೊಂದು ವರ ಸಿಕ್ಕಿತು. ಒಂದೇ ಜಾಗವನ್ನು ಹಲವು ಸಲ ಓದಿದರೆ ನಿಂತ ಅಂಗಾಂಶ ಒಂದೇ ತೆರನಾಗಿರುತ್ತದೆ, ಹರಿಯುವ ರಕ್ತಕಣ ಇರುವ ಕಡೆ ಮಾತ್ರ ವ್ಯತ್ಯಾಸ. ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡರೆ ಲೋಮನಾಳಗಳ ನಕ್ಷೆ ಮೂಡುತ್ತದೆ. ಸೂಜಿಯಿಲ್ಲ, ಬಣ್ಣವಿಲ್ಲ. ಮೇಲಿನ ಜಾಲ, ಆಳದ ಜಾಲ ಎಂದು ಬೇರೆಬೇರೆಯಾಗಿಯೂ ಬಿಡಿಸಿ ನೋಡಬಹುದು. ಸೋರಿಕೆ ಮಾತ್ರ ಇದರಲ್ಲಿ ಕಾಣದು; ಆ ಕಾರಣಕ್ಕೆ ಫ್ಲೋರೆಸೀನ್ ಇನ್ನೂ ಉಳಿದುಕೊಂಡಿದೆ.

ನಕ್ಷತ್ರ ನೋಡುವವರಿಂದ ಬಂದ ಬಳುವಳಿಯೂ ಒಂದಿದೆ. ವಾತಾವರಣದ ಕಂಪನದಿಂದ ನಕ್ಷತ್ರದ ಬಿಂಬ ಕಲಕುವುದನ್ನು ಬಾಗುವ ಕನ್ನಡಿಯಿಂದ ಸರಿಪಡಿಸಬಹುದೆಂದು ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಸೂಚಿಸಿದ್ದ. ಕಾರ್ನಿಯಾ ಮತ್ತು ಮಸೂರದ ಕುಂದುಗಳಿಗೂ ಇದೇ ಮದ್ದೆಂದು ರಾಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವಿಲಿಯಮ್ಸ್ ತಂಡ 1997ರಲ್ಲಿ ತೋರಿಸಿತು. ಬದುಕಿರುವ ಕಣ್ಣಿನ ಒಂದೊಂದು ಶಂಕುಕೋಶವೂ ಬಿಡಿಬಿಡಿಯಾಗಿ ಕಂಡಿತು. ಎರಡು ವರ್ಷದ ಮೇಲೆ ಆಸ್ಟಿನ್ ರೂರ್ಡಾ ಮತ್ತು ವಿಲಿಯಮ್ಸ್ ಅವುಗಳಲ್ಲಿ ಯಾವುದು ಕೆಂಪಿನದು, ಯಾವುದು ಹಸಿರಿನದು, ಯಾವುದು ನೀಲಿಯದು ಎಂದು ಗುರುತು ಹಚ್ಚಿದರು. ಒಬ್ಬನ ಕಣ್ಣಿನಲ್ಲಿ ಕೆಂಪು ಮತ್ತು ಹಸಿರು ಕೋಶಗಳು ಸರಿಸುಮಾರು ಸಮ. ಇನ್ನೊಬ್ಬನಲ್ಲಿ ಕೆಂಪು, ಹಸಿರಿನ ಹತ್ತಿರಹತ್ತಿರ ನಾಲ್ಕರಷ್ಟು. ಇಬ್ಬರಿಗೂ ಬಣ್ಣದ ನೋಟದಲ್ಲಿ ಯಾವ ಕೊರತೆಯೂ ಇಲ್ಲ! ಇಷ್ಟು ಭಿನ್ನವಾದ ಭಿತ್ತಿಗಳಿಂದ ಇಬ್ಬರೂ ಒಂದೇ ಹಳದಿಯನ್ನು ಹಳದಿ ಎನ್ನುತ್ತಾರೆ. ಚಿತ್ರವೊಂದು ಇದಕ್ಕಿಂತ ಆಳವಾದ ಯಾವ ಪ್ರಶ್ನೆಯನ್ನು ತಾನೇ ಎತ್ತಬಲ್ಲದು?

ಆದರೆ ಇವೆಲ್ಲಕ್ಕಿಂತ ನನ್ನ ಮನ ಕಲಕುವ ಚಿತ್ರ ಅವಧಿಗೆ ಮುಂಚೆ ಹುಟ್ಟಿದ ಕೂಸಿನ ರೆಟಿನಾದ್ದು. ಅದು ಮುಗಿಯದ ಚಿತ್ರ. ರಕ್ತನಾಳಗಳು ದೃಷ್ಟಿನರದಿಂದ ಹೊರಟು ಅಂಚಿನ ಕಡೆ ಬೆಳೆಯುತ್ತ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚು ಮುಟ್ಟಬೇಕು. ಬೇಗ ಹುಟ್ಟಿದ ಮಗುವಿನಲ್ಲಿ ಬಳ್ಳಿ ನಡುದಾರಿಯಲ್ಲಿರುತ್ತದೆ, ಮುಂದೆ ಮಾಸಲು ಬರಿನೆಲ. ಕೆಲವು ಮಕ್ಕಳಲ್ಲಿ ಬಳ್ಳಿ ನಿಂತ ಕಡೆ ಬಿಳಿ ಗೆರೆ ಮೂಡುತ್ತದೆ, ಗೆರೆ ದಿಬ್ಬವಾಗುತ್ತದೆ, ದಿಬ್ಬದ ಮೇಲೆ ಹೊಸ ನಾಳಗಳು ಚಿಗುರಿ ರೆಟಿನಾವನ್ನೇ ಕಿತ್ತೆಳೆಯುತ್ತವೆ. ಆರ್‌ಒಪಿ ಎಂಬ ಈ ಕಾಯಿಲೆ ಚಿಕಿತ್ಸೆಯ ಹಂತಕ್ಕೆ ಬಂದರೆ ಎರಡು ಮೂರು ದಿನದೊಳಗೆ ಲೇಸರ್ ಕೊಡಬೇಕು. ಇದನ್ನು ನೋಡಿ ಹೇಳಬಲ್ಲ ವೈದ್ಯರು ದೊಡ್ಡ ಊರುಗಳಲ್ಲಿ, ಮಕ್ಕಳು ಎಲ್ಲ ಜಿಲ್ಲೆಗಳಲ್ಲಿ.

ಈ ಅಂತರಕ್ಕೆ ಕರ್ನಾಟಕದಲ್ಲಿ ಉತ್ತರ ಹುಡುಕಿದ್ದು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆ. ಅದರ ಮುಂದಾಳು ಡಾ. ಆನಂದ್ ವಿನೇಕರ್. ತರಬೇತಿ ಪಡೆದ ತಂತ್ರಜ್ಞರು ಅಗಲನೋಟದ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಬಿಟ್ಟು, ಅಂಗೈ ಅಗಲದ ಕೂಸಿನ ಕಣ್ಣಿನ ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಕಳಿಸುತ್ತಾರೆ, ದೂರದ ವೈದ್ಯರು ನೋಡಿ ಹೇಳುತ್ತಾರೆ. ತಂತ್ರಜ್ಞರೂ ಚಿತ್ರ ಓದಲು ಕಲಿತವರು. ನೋಡಿ ನೋಡಿ ಪಳಗಿದ ಕಣ್ಣು ವೈದ್ಯರ ಸೊತ್ತು ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊರದೇಶದ ಕ್ಯಾಮೆರಾಗಳ ಬೆಲೆ ಎಟುಕದಿದ್ದಾಗ ಬೆಂಗಳೂರಿನಲ್ಲೇ ಫೋರಸ್ ಹೆಲ್ತ್ ಕಂಪನಿ ‘3ನೇತ್ರ’ ಎಂಬ ರೆಟಿನಾ ಕ್ಯಾಮೆರಾವನ್ನೂ, ಆಮೇಲೆ ಎಳೆಮಕ್ಕಳಿಗೆಂದೇ ‘3ನೇತ್ರ ನಿಯೋ’ವನ್ನೂ ತಯಾರಿಸಿತು.

ಈಗ ಚಿತ್ರಗಳನ್ನು ಕಂಪ್ಯೂಟರ್ ಕೂಡ ನೋಡುತ್ತಿದೆ. ಸಕ್ಕರೆ ಕಾಯಿಲೆಯ ರೆಟಿನಾವನ್ನು ಅದು ತಜ್ಞರ ಸಮಕ್ಕೆ ಗುರುತಿಸಬಲ್ಲದೆಂದು ಗೂಗಲ್ ತಂಡ 2016ರಲ್ಲಿ ತೋರಿಸಿತು. ಆ ಕೆಲಸದಲ್ಲಿ ಮದುರೆಯ ಅರವಿಂದ್ ಮತ್ತು ಚೆನ್ನೈನ ಶಂಕರ ನೇತ್ರಾಲಯಗಳೂ ಜೊತೆಗಿದ್ದವು. 2018ರಲ್ಲಿ ಬಂದ ಇನ್ನೊಂದು ಫಲಿತಾಂಶ ನನ್ನನ್ನು ಹೆಚ್ಚು ಕಾಡಿದೆ. ಬರೀ ರೆಟಿನಾದ ಚಿತ್ರ ನೋಡಿ ಅದು ಗಂಡಸಿನದೋ ಹೆಂಗಸಿನದೋ ಎಂದು ಕಂಪ್ಯೂಟರ್ ಬಹುಮಟ್ಟಿಗೆ ಸರಿಯಾಗಿ ಹೇಳಿತು. ಹೆಲ್ಮ್‌ಹೋಲ್ಟ್ಸ್‌ನಿಂದ ಈಚೆಗೆ ಇಷ್ಟು ಪೀಳಿಗೆಯ ವೈದ್ಯರು ಇಷ್ಟು ಕಣ್ಣು ನೋಡಿಯೂ ಆ ವ್ಯತ್ಯಾಸ ಯಾರಿಗೂ ಕಂಡಿರಲಿಲ್ಲ. ನಾವು ಸವಿದು ಮುಗಿಸಿದೆವೆಂದುಕೊಂಡ ಚಿತ್ರದಲ್ಲಿ ಇನ್ನೂ ಏನೋ ಉಳಿದಿದೆ.

ಇಷ್ಟೊಂದು ಜನರ ಬುದ್ಧಿ ಬೆರೆತು ಮೂಡಿದ ಈ ಚಿತ್ರಗಳು ನಮ್ಮಲ್ಲಿ ಬಹುತೇಕ ಫೈಲಿನೊಳಗೆ ಮಡಿಸಿಕೊಂಡು ಬಿದ್ದಿರುತ್ತವೆ. ಯಾರ ಕಣ್ಣಿನ ಚಿತ್ರವೋ ಅವರೇ ನೋಡಿರುವುದಿಲ್ಲ. ಮುಂದಿನ ಸಲ ನಿಮಗೋ ನಿಮ್ಮ ಅಪ್ಪ ಅಮ್ಮನಿಗೋ ಈ ಪರೀಕ್ಷೆ ಆದಾಗ, ‘ಡಾಕ್ಟ್ರೇ, ಒಮ್ಮೆ ಪರದೆಯ ಮೇಲೆ ತೋರಿಸಿ’ ಎಂದು ಕೇಳಿ. ಬಿಲ್ಲೆ ಯಾವುದು, ಗುಳಿ ಎಲ್ಲಿದೆ, ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ನೋಟ ಚೆನ್ನಾಗಿದೆ ಎಂದು ಕಾಯಬೇಡಿ, ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. 34 ವಾರ ತುಂಬುವ ಮೊದಲೇ ಹುಟ್ಟಿದ, ಅಥವಾ ಹುಟ್ಟುವಾಗ ಎರಡು ಕಿಲೋಗಿಂತ ಕಡಿಮೆಯಿದ್ದ ಕೂಸು ಮನೆಯಲ್ಲಿದ್ದರೆ, ಹುಟ್ಟಿ 30 ದಿನದೊಳಗೆ ಅದರ ಕಣ್ಣಿನ ಒಳಭಿತ್ತಿಯನ್ನು ಬಲ್ಲವರಿಗೆ ತೋರಿಸಿ.